ಮುಕ್ತ ಪತನಕ್ಕೆ ‘ಸ್ಪೀಡ್’ ಎಂಬುದಿಲ್ಲ

ಬೆಂಗಳೂರಿನಲ್ಲಿ ಕಟ್ಟಡ ಕುಸಿದ ವಿಡಿಯೊ ಹರಿದಾಡಿದಾಗ ‘ಫ್ರೀ ಫಾಲ್ ಸ್ಪೀಡ್‌ನಲ್ಲಿ ಬಿದ್ದಿದೆ, ಅಂದರೆ ಯಾರೋ ಬೇಕಂತಲೇ ಉರುಳಿಸಿದ್ದಾರೆ’ ಎಂದು ಬರೆಯುವವರು ಇದ್ದೇ ಇರುತ್ತಾರೆ. ಆ ಒಂದೇ ಸಾಲಿನಲ್ಲಿ ಎರಡು ತಪ್ಪುಗಳಿವೆ.

ಮೊದಲನೆಯದು ‘ಸ್ಪೀಡ್’. ಗುರುತ್ವವೊಂದನ್ನು ಬಿಟ್ಟು ಬೇರಾವ ಬಲವೂ ತಡೆಯದಂತೆ ಬೀಳುವುದು ಮುಕ್ತ ಪತನ (ಫ್ರೀ ಫಾಲ್). ಅಲ್ಲಿ ಬದಲಾಗದೆ ಉಳಿಯುವುದು ವೇಗೋತ್ಕರ್ಷ, ಅಂದರೆ ವೇಗ ಏರುವ ದರ. ಒಂದೊಂದು ಸೆಕೆಂಡ್ ಕಳೆದಂತೆ ವೇಗ ಸೆಕೆಂಡಿಗೆ ಸುಮಾರು 9.8 ಮೀಟರ್‌ನಷ್ಟು ಏರುತ್ತಲೇ ಹೋಗುತ್ತದೆ. ಮೊದಲ ಸೆಕೆಂಡಿಗೆ ಬಿದ್ದ ದೂರ 4.9 ಮೀಟರ್, ಎರಡು ಸೆಕೆಂಡಿಗೆ 19.6, ಮೂರಕ್ಕೆ 44. ಹಾಗಾಗಿ ‘ಭಾರೀ ಜೋರಾಗಿ ಬಿತ್ತು’ ಎಂಬುದರಿಂದ ಏನೂ ತಿಳಿಯದು. ಬೀಳುತ್ತಿದ್ದ ಭಾಗವನ್ನು ಕೆಳಗಿನ ಪಿಲ್ಲರ್‌ಗಳು ಎಷ್ಟು ತಡೆದವು ಎಂಬುದನ್ನು ಅಳೆಯಬೇಕು.

ಅಳೆಯುವುದು ಸುಲಭವೂ ಅಲ್ಲ. ನಾಲ್ಕು ಅಂತಸ್ತಿನ, 12 ಮೀಟರ್ ಎತ್ತರದ ಕಟ್ಟಡದ ತುದಿ ಯಾವ ತಡೆಯೂ ಇಲ್ಲದೆ ನೆಲ ಮುಟ್ಟಲು 1.56 ಸೆಕೆಂಡ್ ಸಾಕು. ಪಿಲ್ಲರ್‌ಗಳು ಭಾರದ ಶೇ 30ರಷ್ಟನ್ನು ತಡೆಯುತ್ತಲೇ ಇದ್ದರೆ 1.87 ಸೆಕೆಂಡ್. ವ್ಯತ್ಯಾಸ 0.3 ಸೆಕೆಂಡ್, ಮೊಬೈಲಿನ ಸ್ಟಾಪ್‌ವಾಚ್ ಒತ್ತುವ ಬೆರಳಿನ ತಡವೇ ಅದನ್ನು ನುಂಗಿಹಾಕುತ್ತದೆ. ಸರಿಯಾಗಿ ಮಾಡುವುದಾದರೆ ಮೂಲ ವಿಡಿಯೊ ಬೇಕು, ಫ್ರೇಮ್ ದರ ಖಚಿತವಾಗಿ ಗೊತ್ತಿರಬೇಕು. ತಾರಸಿಯ ಒಂದು ಮೂಲೆಯನ್ನು ಹಿಡಿದು ಫ್ರೇಮಿನಿಂದ ಫ್ರೇಮಿಗೆ ಗುರುತಿಸಿ, ವೇಗದ ನಕ್ಷೆ (ಗ್ರಾಫ್) ಬರೆದು ಅದರ ಇಳಿಜಾರು, ಅಂದರೆ ವೇಗೋತ್ಕರ್ಷ ನೋಡಬೇಕು. ಸೆಕೆಂಡಿಗೆ 15 ಫ್ರೇಮಿನ ಸಿಸಿಟಿವಿಯಲ್ಲಿ ಒಂದು ಫ್ರೇಮ್ ಎಂದರೇ 0.07 ಸೆಕೆಂಡ್. ಹತ್ತು ಗ್ರೂಪ್ ದಾಟಿ ಬಂದ ಫಾರ್ವರ್ಡ್‌ನಲ್ಲಿ ಫ್ರೇಮ್ ದರವೇ ಹೆಚ್ಚುಕಮ್ಮಿ ಆಗಿರುತ್ತದೆ. ಕಟ್ಟಡದ ಬುಡ ಪಕ್ಕದ ಮನೆಯ ಹಿಂದೆ ಮರೆಯಾಗಿದ್ದರಂತೂ ಬೀಳುವುದು ಯಾವಾಗ ಮುಗಿಯಿತೆಂದು ಹೇಳುವಂತೆಯೇ ಇಲ್ಲ.

ಎರಡನೆಯ ತಪ್ಪು ‘ಅಂದರೆ’. ಈ ವಾದಕ್ಕೆಲ್ಲ ಮೂಲ, 2001ರ ಸೆಪ್ಟೆಂಬರ್ 11ರ ಸಂಜೆ ನ್ಯೂಯಾರ್ಕಿನಲ್ಲಿ ಕುಸಿದ 47 ಅಂತಸ್ತಿನ ವರ್ಲ್ಡ್ ಟ್ರೇಡ್ ಸೆಂಟರ್ 7. ಅಮೆರಿಕದ ಸರ್ಕಾರಿ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ ಎನ್‌ಐಎಸ್‌ಟಿ ತನ್ನ 2008ರ ವರದಿಯಲ್ಲಿ ಉತ್ತರದ ಗೋಡೆಯ ಬೀಳುವಿಕೆಯನ್ನು ಮೂರು ಹಂತವಾಗಿ ಅಳೆದಿದೆ: ಮೊದಲ 1.75 ಸೆಕೆಂಡ್ ನಿಧಾನ, ನಂತರದ 2.25 ಸೆಕೆಂಡ್ (ಸುಮಾರು ಎಂಟು ಅಂತಸ್ತು, 32 ಮೀಟರ್) ಮುಕ್ತ ಪತನ, ಆಮೇಲೆ ಮತ್ತೆ ತಡೆ. ಮೇಲಿನ 18 ಅಂತಸ್ತು ಮರೆಯಾಗಲು ಹಿಡಿದದ್ದು 5.4 ಸೆಕೆಂಡ್, ಪೂರ್ತಿ ಮುಕ್ತ ಪತನವಾಗಿದ್ದರೆ 3.9 ಆಗುತ್ತಿತ್ತು.

ನಡುವಿನ ಆ 2.25 ಸೆಕೆಂಡನ್ನಷ್ಟೇ ಹಿಡಿದು ‘ನೋಡಿ, ಬೇಕಂತಲೇ ಉರುಳಿಸಿದ್ದೆಂದು ಎನ್‌ಐಎಸ್‌ಟಿಯೇ ಒಪ್ಪಿಕೊಂಡಿತು’ ಎನ್ನುತ್ತಾರೆ. ಆ ಹೊತ್ತಿನಲ್ಲಿ ತಡೆ ಇರಲಿಲ್ಲ ಎಂದಷ್ಟೇ ಅದರ ಅರ್ಥ. ತಡೆ ಹೇಗೆ ಹೋಯಿತು ಎಂಬುದನ್ನು ಅದು ಹೇಳುವುದಿಲ್ಲ. ಉಕ್ಕಿನ ಕಂಬ ಒಮ್ಮೆ ಬಾಗಿ ಮಡಚಿತೆಂದರೆ ಅದರ ಹೊರುವ ಶಕ್ತಿ ಥಟ್ಟನೆ ಕುಸಿಯುತ್ತದೆ. ಎನ್‌ಐಎಸ್‌ಟಿ ವಿವರಣೆ ಹೀಗಿದೆ: ಬೆಂಕಿಯ ಕಾವಿಗೆ ಹಿಗ್ಗಿದ ತೊಲೆಗಳು ದೊಡ್ಡ ಗರ್ಡರ್ ಒಂದನ್ನು ಅದರ ಆಸರೆಯಿಂದ ತಳ್ಳಿದವು, ಅಂತಸ್ತುಗಳು ಕುಸಿದವು, ಅಡ್ಡ ಆಧಾರ ಕಳೆದುಕೊಂಡ 79ನೇ ಕಂಬ ಬಾಗಿತು. ಉಕ್ಕು ಕರಗುವ ಅಗತ್ಯವೇ ಇಲ್ಲ. 600 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಅದರ ಬಲ ಅರ್ಧಕ್ಕಿಳಿಯುತ್ತದೆ. ತಾರಸಿಯ ಮೇಲಿನ ಪೂರ್ವದ ಪೆಂಟ್‌ಹೌಸ್ (ಚಾವಣಿಯ ಮೇಲಿನ ಕೋಣೆ) ಉತ್ತರದ ಗೋಡೆಗಿಂತ ಹಲವು ಸೆಕೆಂಡ್ ಮೊದಲೇ ಒಳಕ್ಕೆ ಇಳಿದದ್ದು, ಅಂದರೆ ಒಳಭಾಗ ಮೊದಲು ಕುಸಿದದ್ದು, ವಿಡಿಯೊದಲ್ಲಿ ಕಾಣುತ್ತದೆ. ಹಂಚಿಕೊಳ್ಳುವ ತುಣುಕುಗಳಲ್ಲಿ ಎಷ್ಟೋ ಸಲ ಈ ಭಾಗವನ್ನೇ ಕತ್ತರಿಸಿರುತ್ತಾರೆ. ಇದು ಬೇಸರ ತರಿಸುವ ವಿಷಯ.

ಸ್ಫೋಟದ ಊಹೆಯನ್ನೂ ಎನ್‌ಐಎಸ್‌ಟಿ ಪರೀಕ್ಷಿಸಿದೆ. ಆ 79ನೇ ಕಂಬವನ್ನು ತುಂಡರಿಸಬಲ್ಲ ಅತಿ ಚಿಕ್ಕ ಸ್ಫೋಟವೂ ಅರ್ಧ ಮೈಲಿ ದೂರಕ್ಕೆ 130ರಿಂದ 140 ಡೆಸಿಬಲ್ ಸದ್ದು ಮಾಡಬೇಕಿತ್ತು. ಅಂಥ ಸದ್ದು ಯಾವ ಧ್ವನಿಮುದ್ರಣದಲ್ಲೂ ಇಲ್ಲ.

ನಮ್ಮೂರಿನ ಕುಸಿತಗಳಿಗೆ ಬಂದರೆ, ಕಾರಣ ಸಿಗುವುದು ವಿಡಿಯೊದಲ್ಲಲ್ಲ, ಅವಶೇಷದಲ್ಲಿ. ಪಾಯ ಕೆಳಕ್ಕೆ ಕುಸಿದಿದೆಯೇ, ಪಿಲ್ಲರ್–ಬೀಮ್ ಸೇರುವಲ್ಲಿ ಕಬ್ಬಿಣದ ರಿಂಗ್‌ಗಳನ್ನು ಕಟ್ಟಿದ್ದರೇ, ಪ್ಲಾನ್‌ಗಿಂತ ಹೆಚ್ಚು ಅಂತಸ್ತು ಏರಿಸಿದ್ದರೇ ಎಂದು ನೋಡಬೇಕು. ಉಳಿದ ಕಾಂಕ್ರೀಟಿನಿಂದ ಕನಿಷ್ಠ ಮೂರು ಕೋರ್ (ಕೊರೆದು ತೆಗೆದ ಉರುಳೆಯಾಕಾರದ ಮಾದರಿ) ತೆಗೆಯಬೇಕು. ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನದಂಡವಾದ ಐಎಸ್ 456 ಪ್ರಕಾರ ಅವುಗಳ ಸರಾಸರಿ ಬಲ ನಿಗದಿಯ ಶೇ 85ರಷ್ಟಾದರೂ ಇರಬೇಕು, ಒಂದೂ ಶೇ 75ಕ್ಕಿಂತ ಕೆಳಗಿಳಿಯಬಾರದು. ಜೆಸಿಬಿ ಬಂದು ಎಲ್ಲವನ್ನೂ ಲಾರಿಗೆ ತುಂಬುವ ಮೊದಲೇ ಇವನ್ನೆಲ್ಲ ಗುರುತು ಹಾಕಿ ತೆಗೆದಿಡಬೇಕು.