ಕಾಂಪ್ಯಾಕ್ಟ್ ಕ್ಯಾಮೆರಾದಲ್ಲಿ ಕಾನ್ಸರ್ಟ್ ಶೂಟಿಂಗ್: ಸೌಂಡ್ ಒಡೆಯುವುದು ಎಲ್ಲಿ?

ಕಾನ್ಸರ್ಟ್ ವಿಡಿಯೊದಲ್ಲಿ ಸೌಂಡ್ ಕೆಟ್ಟಿದ್ದರೆ ಎಲ್ಲರೂ ಮೊದಲು ದೂರುವುದು ಕ್ಯಾಮೆರಾದ ಪುಟ್ಟ ಮೈಕನ್ನು. ಎಷ್ಟೋ ಸಲ ತಪ್ಪು ಮೈಕಿನದಲ್ಲ, ಅದರ ಹಿಂದೆ ಕೆಲಸ ಮಾಡುವ ಆಟೊ ಲೆವೆಲ್‌ನದು. ಹೊಸ ಸಾಮಾನು ಕೊಳ್ಳುವ ಮುಂಚೆ ಇದನ್ನು ಅರ್ಥ ಮಾಡಿಕೊಳ್ಳಲೇಬೇಕು.

ಆಟೊ ಲೆವೆಲ್

ಎದುರು ಕೂತವರ ಮಾತು ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬೆಲ್ ಇರುತ್ತದೆ. ದೊಡ್ಡ ಸ್ಪೀಕರ್‌ಗಳ ಕಾನ್ಸರ್ಟ್‌ನಲ್ಲಿ 100 ಡೆಸಿಬೆಲ್ ಅಪರೂಪವೇನಲ್ಲ. 40 ಡೆಸಿಬೆಲ್ ಅಂತರವೆಂದರೆ ಶಬ್ದದ ಒತ್ತಡದಲ್ಲಿ 100 ಪಟ್ಟು. ಎರಡನ್ನೂ ಒಂದೇ ಕ್ಯಾಮೆರಾ ನಿಭಾಯಿಸಬೇಕಾದ್ದರಿಂದ ಅದು ಗೇನ್ ಅನ್ನು, ಅಂದರೆ ಮೈಕಿನ ಸಿಗ್ನಲ್ ಅನ್ನು ಎಷ್ಟು ಹಿಗ್ಗಿಸಬೇಕೆಂಬುದನ್ನು, ತಾನೇ ಏರಿಸಿ ಇಳಿಸುತ್ತಿರುತ್ತದೆ. ಇದೇ ಆಟೊ ಲೆವೆಲ್. ಕಿಕ್ ಡ್ರಮ್‌ಗೆ ಒಂದು ಏಟು ಬಿದ್ದರೆ ಗೇನ್ ಕುಸಿಯುತ್ತದೆ, ಜೊತೆಗೆ ಗಾಯಕರ ದನಿಯೂ ಕೆಳಗಿಳಿಯುತ್ತದೆ. ಮರುಕ್ಷಣ ಗೇನ್ ಮೆಲ್ಲಗೆ ಏರಿ ಜನರ ಗದ್ದಲ ಉಬ್ಬುತ್ತದೆ. ಅಷ್ಟರಲ್ಲಿ ಮತ್ತೊಂದು ಏಟು. ಹೆಡ್‌ಫೋನ್ ಹಾಕಿ ಕೇಳಿದರೆ ಇಡೀ ಹಾಡು ಏದುಸಿರು ಬಿಟ್ಟಂತೆ ಕೇಳಿಸುತ್ತದೆ. ಎರಡು ಹಾಡುಗಳ ನಡುವಿನ ಬಿಡುವಿನಲ್ಲಂತೂ ಗೇನ್ ಮೇಲೇರಿ ಕೂತಿರುತ್ತದೆ. ಮುಂದಿನ ಹಾಡಿನ ಮೊದಲ ಹೊಡೆತ ಒಡೆದೇ ರೆಕಾರ್ಡ್ ಆಗುತ್ತದೆ.

ಹಾಗಾಗಿ ಮೆನುವಿನಲ್ಲಿ ಆಡಿಯೊ ಲೆವೆಲ್ ಮ್ಯಾನ್ಯುಯಲ್‌ಗೆ ಹಾಕಲು ಬರುತ್ತದೆಯೇ ನೋಡಿ. ಜೋರು ಸಿಗ್ನಲ್ ಅನ್ನು ತಗ್ಗಿಸುವ ಅಟೆನ್ಯುಯೇಟರ್ ಇದ್ದರೆ ಆನ್ ಮಾಡಿ. ಅತಿ ಜೋರಿನ ಭಾಗದಲ್ಲಿ ಮೀಟರ್ ಮೈನಸ್ 12 ಡೆಸಿಬೆಲ್ ಆಸುಪಾಸು ಇರಲಿ, ಮೈನಸ್ 6 ದಾಟದಿರಲಿ (ಸೊನ್ನೆಯೇ ಗರಿಷ್ಠ ಮಟ್ಟ). ಮೊದಲ ಹಾಡಿನಲ್ಲೇ ಹೊಂದಿಸಿ, ಆಮೇಲೆ ಮುಟ್ಟಬೇಡಿ. ಲೆವೆಲ್ ಕಡಿಮೆಯಾಯಿತೆಂದು ಅಂಜಬೇಕಾಗಿಲ್ಲ: 16 ಬಿಟ್ ಆಡಿಯೊದಲ್ಲಿ ಅತಿ ಮೆಲ್ಲನೆಯದರಿಂದ ಅತಿ ಜೋರಿನವರೆಗಿನ ವ್ಯಾಪ್ತಿ ಸುಮಾರು 96 ಡೆಸಿಬೆಲ್. ಕಡಿಮೆಯಾದದ್ದನ್ನು ಎಡಿಟಿಂಗ್‌ನಲ್ಲಿ ಏರಿಸಿಕೊಳ್ಳಬಹುದು, ಕ್ಲಿಪ್ ಆದ, ಅಂದರೆ ಮಿತಿ ಮೀರಿ ಕತ್ತರಿಸಿಹೋದ, ಅಲೆಯ ತುದಿಯನ್ನು ಮೊದಲಿನಂತೆ ತರಲಾಗದು.

ವೇವ್‌ಫಾರ್ಮ್ ಓದುವುದು

ಎಲ್ಲರೂ ಕಲಿಯಲೇಬೇಕಾದ ಪರೀಕ್ಷೆ ಇದು. ಒಡೆದ ಜಾಗದ ವೇವ್‌ಫಾರ್ಮ್ ಅನ್ನು (ಎಡಿಟಿಂಗ್‌ನಲ್ಲಿ ಕಾಣುವ ಶಬ್ದದ ಅಲೆಯ ಚಿತ್ರ), ಮೂಲ ಫೈಲ್‌ನಲ್ಲೇ, ಚೆನ್ನಾಗಿ ಹಿಗ್ಗಿಸಿ ನೋಡಿ. ಅಲೆಯ ತುದಿಗಳು ಮೀಟರ್‌ನ ಗರಿಷ್ಠ ಮಟ್ಟಕ್ಕೆ ತಾಗಿ ಚಪ್ಪಟೆಯಾಗಿದ್ದರೆ ಡಿಜಿಟಲ್ ಹಂತದಲ್ಲಿ ಒಡೆದಿದೆ. ಮುಂದಿನ ಸಲ ಲೆವೆಲ್ ಇಳಿಸಿ. ಆ ಮಟ್ಟಕ್ಕಿಂತ ಬಹಳ ಕೆಳಗೇ ಚಪ್ಪಟೆಯಾಗಿದ್ದರೆ ಲೆವೆಲ್ ಕಂಟ್ರೋಲ್‌ಗೆ ಬರುವ ಮೊದಲೇ, ಅಂದರೆ ಮೈಕ್‌ನಲ್ಲೋ ಅದರ ಸಿಗ್ನಲ್ ಅನ್ನು ಮೊದಲು ಹಿಗ್ಗಿಸುವ ಪ್ರೀಆಂಪ್‌ನಲ್ಲೋ, ಕೆಟ್ಟಿರುವ ಸಾಧ್ಯತೆ ಹೆಚ್ಚು. ಆಗ ಮೆನು ಕೆಲಸಕ್ಕೆ ಬಾರದು. ಸ್ಪೀಕರ್‌ನಿಂದ ದೂರ ಸರಿಯಬೇಕು, ಇಲ್ಲವೇ ಬೇರೆ ರೆಕಾರ್ಡರ್ ಬೇಕು.

ನಿಲ್ಲುವ ಜಾಗ

ಸ್ಟೇಜ್‌ಗೆ ಅಂಟಿದ ಮೊದಲ ಸಾಲು ಚಿತ್ರಕ್ಕೆ ಚೆನ್ನ, ಸೌಂಡ್‌ಗೆ ಅಲ್ಲ. ದನಿ ಬರುವ ಸ್ಪೀಕರ್‌ಗಳು ಸಾಮಾನ್ಯವಾಗಿ ಹಿಂದಿನವರತ್ತ ಗುರಿಯಿಟ್ಟಿರುತ್ತವೆ. ಮುಂದೆ ನಿಂತವರಿಗೆ ಸಿಗುವುದು ಸಬ್‌ವೂಫರ್, ಡ್ರಮ್, ಗಿಟಾರ್ ಆಂಪ್. ಸೌಂಡ್ ಎಂಜಿನಿಯರ್ ಕೂರುವ ಮಿಕ್ಸರ್ ಬಳಿ ನಿಲ್ಲಿ, ಅವರು ಮಿಕ್ಸ್ ಮಾಡುವುದು ಅಲ್ಲಿ ಕೇಳಿಸಿದ್ದನ್ನೇ ನಂಬಿ. ಮೂಲೆಯಲ್ಲಿ ಬೇಸ್ ಉಬ್ಬುತ್ತದೆ, ಅದು ಬೇಡ. ಬೆರಳು ಮೈಕ್‌ನ ತೂತಿನ ಮೇಲೆ ಬರದಿರಲಿ, ಹಾಡಿನ ನಡುವೆ ಝೂಮ್ ಕೂಡ ಬೇಡ.

ಪ್ರತ್ಯೇಕ ರೆಕಾರ್ಡರ್

2019ರಲ್ಲಿ ಬಂದ ಸೋನಿ ಆರ್‌ಎಕ್ಸ್100 ಮಾರ್ಕ್ 7, ಕ್ಯಾನನ್ ಜಿ7 ಎಕ್ಸ್ ಮಾರ್ಕ್ 3 ಇವುಗಳಿಗೆ ಮೈಕ್ ಜಾಕ್ ಇದೆ. ಅನೇಕ ಕಾಂಪ್ಯಾಕ್ಟ್‌ಗಳಿಗೆ ಇಲ್ಲ. ಜಾಕ್ ಇದ್ದರೂ ನನ್ನ ಒಲವು ಜೇಬಿನಲ್ಲಿ ಹಿಡಿಸುವ ರೆಕಾರ್ಡರ್ ಕಡೆಗೇ: 48 ಕಿಲೋಹರ್ಟ್ಸ್, 24 ಬಿಟ್, ಆಟೊ ಲೆವೆಲ್ ಆಫ್.

ಎಡಿಟಿಂಗ್‌ನಲ್ಲಿ ಕ್ಯಾಮೆರಾ ಮತ್ತು ರೆಕಾರ್ಡರ್‌ನ ವೇವ್‌ಫಾರ್ಮ್‌ಗಳನ್ನು ಒಂದಕ್ಕೊಂದು ಹೊಂದಿಸಿ ಕೂಡಿಸುವಾಗ ಒಂದು ಸೂಕ್ಷ್ಮವಿದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಸ್ಪೀಕರ್‌ನಿಂದ 34 ಮೀಟರ್ ಹಿಂದಿರುವ ಕ್ಯಾಮೆರಾಗೆ ಸೌಂಡ್ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ತಲುಪುತ್ತದೆ, 30 ಫ್ರೇಮ್ ವಿಡಿಯೊದಲ್ಲಿ ಅದು 3 ಫ್ರೇಮ್. ಕ್ಯಾಮೆರಾದ ವೇವ್‌ಫಾರ್ಮ್‌ಗೆ ಕೂಡಿಸಿದರೆ ಆ ತಡವೂ ಜೊತೆಗೇ ಬರುತ್ತದೆ. ಅದರ ಬದಲು ಡ್ರಮ್ ಕಡ್ಡಿ ಸ್ನೇರ್ ಡ್ರಮ್‌ಗೆ ತಾಗುವ ಫ್ರೇಮ್ ಹುಡುಕಿ, ರೆಕಾರ್ಡರ್‌ನ ಏಟನ್ನು ಅಲ್ಲಿಗೆ ಎಳೆದು ಕೂರಿಸಿ. ಎರಡು ಯಂತ್ರಗಳ ಗಡಿಯಾರ ಅಷ್ಟಿಷ್ಟು ಬೇರೆಯಾಗಿ ಓಡುವುದರಿಂದ ದೀರ್ಘ ರೆಕಾರ್ಡಿಂಗ್ ಜಾರುತ್ತ ಹೋಗುತ್ತದೆ. ಹಾಡಿನಿಂದ ಹಾಡಿಗೆ ಕತ್ತರಿಸಿ ಮತ್ತೆ ಕೂಡಿಸಿ.

ಎಂಜಿನಿಯರ್ ಒಪ್ಪಿದರೆ ಮಿಕ್ಸರ್‌ನಿಂದಲೇ ಲೈನ್, ಅಂದರೆ ಮಿಕ್ಸ್ ಆದ ಸಿಗ್ನಲ್ ಅನ್ನು ನೇರ ವೈರ್‌ನಲ್ಲಿ, ತೆಗೆದುಕೊಳ್ಳಬಹುದು. ವೃತ್ತಿಪರ ಲೈನ್ ಲೆವೆಲ್ ಸುಮಾರು 1.23 ವೋಲ್ಟ್, ಕ್ಯಾಮೆರಾದ ಮೈಕ್ ಜಾಕ್‌ಗೆ ಬೇಕಾದದ್ದು ಮಿಲಿವೋಲ್ಟ್‌ಗಳ ಲೆಕ್ಕ. ನೇರ ಚುಚ್ಚಬೇಡಿ, ಲೈನ್ ಇನ್‌ಪುಟ್ ಇರುವ ರೆಕಾರ್ಡರ್‌ಗೆ ಕೊಡಿ. ಚಿಕ್ಕ ಹಾಲ್‌ನಲ್ಲಿ ಡ್ರಮ್ ತಾನೇ ಜೋರಾಗಿರುವುದರಿಂದ ಮಿಕ್ಸರ್‌ನಲ್ಲಿ ಅದನ್ನು ಏರಿಸಿರುವುದಿಲ್ಲ. ಈ ಲೈನ್ ಒಂದನ್ನೇ ಕೇಳಿದರೆ ಹಾಡು ಬರೀ ದನಿಯಾಗಿ ಒಣಗಿರುತ್ತದೆ. ಕ್ಯಾಮೆರಾದ ಹಾಲ್ ಸೌಂಡ್ ಅನ್ನು, ತಡ ಸರಿಪಡಿಸಿ, ಕೆಳದನಿಯಲ್ಲಿ ಸೇರಿಸಿ. ಡ್ರಮ್‌ಗೆ ಮೈ ಬಂದಂತೆ ಕೇಳಿಸಿ, ಗಾಯಕರ ಪದಗಳು ಇನ್ನೂ ಸ್ಪಷ್ಟವಾಗಿರುವಲ್ಲಿಗೆ ಹಾಲ್ ಸೌಂಡ್‌ನ ಲೆವೆಲ್ ಏರಿಸಿ ಇಳಿಸುವ ಫೇಡರ್ ನಿಲ್ಲಿಸಿ.