ದುಂಡನೆಯ ದೋಸೆ ಹಂಚಿಗೆ ಮೆಶ್: ಸೆಲ್ ಹೆಚ್ಚಿಸಿದಷ್ಟೂ ಕೆಡುವುದೇಕೆ?

ಪ್ರಶ್ನೆ: ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಕೊನೆಯ ವರ್ಷ ಓದುತ್ತಿದ್ದೇನೆ. ಬೆಣ್ಣೆ ದೋಸೆಯ ಕಬ್ಬಿಣದ ಹಂಚಿನಲ್ಲಿ ಶಾಖ ಹೇಗೆ ಹರಡುತ್ತದೆ ಅನ್ನೋದು ನಮ್ಮ ಪ್ರಾಜೆಕ್ಟ್. ವ್ಯಾಸ 500 ಮಿ.ಮೀ., ದಪ್ಪ 10 ಮಿ.ಮೀ. ಓಪನ್‌ಫೋಮ್ ಅನ್ನೋ ಸಿಮ್ಯುಲೇಶನ್ ತಂತ್ರಾಂಶದಲ್ಲಿ, ಆಕಾರವನ್ನು ಸಣ್ಣ ಸೆಲ್‌ಗಳ ಜಾಲ (ಮೆಶ್) ಮಾಡುವ ಬ್ಲಾಕ್‌ಮೆಶ್‌ನಲ್ಲಿ ಒಂದೇ ಬ್ಲಾಕ್ ತಗೊಂಡು ನಾಲ್ಕೂ ಬದಿಗೆ ಆರ್ಕ್ (ಬಾಗಿದ ಅಂಚು) ಕೊಟ್ಟಿದ್ದೇನೆ. ಮೆಶ್ ಆಗುತ್ತೆ, ಆದರೆ ಅದರ ಗುಣಮಟ್ಟ ನೋಡುವ ಚೆಕ್‌ಮೆಶ್ ತಕರಾರು ಮಾಡುತ್ತೆ. ಸೆಲ್ ಹೆಚ್ಚಿಸಿದಷ್ಟೂ ಇನ್ನೂ ಕೆಡುತ್ತೆ. ಏನು ಮಾಡಲಿ ಸರ್?

ಉತ್ತರ: ಸೆಲ್ ಎಣಿಕೆಯನ್ನು ಮುಟ್ಟಬೇಡಿ, ಬ್ಲಾಕ್ ಜೋಡಣೆಯನ್ನೇ ಬದಲಿಸಿ. ಚೌಕದ ನಾಲ್ಕು ಬದಿಯನ್ನು ಎಳೆದು ವೃತ್ತ ಮಾಡಿದಾಗ ಮೂಲೆಗಳಲ್ಲಿ 90 ಡಿಗ್ರಿ ಇದ್ದ ಕೋನ 180ಕ್ಕೆ ಹೋಗುತ್ತದೆ. ಅಲ್ಲಿ ಕೂತ ಸೆಲ್‌ನ ಎರಡು ಅಂಚು ಒಂದೇ ಗೆರೆಗೆ ಬರುತ್ತವೆ. ಸೆಲ್ ಸಣ್ಣದಾದಷ್ಟೂ ಕೋನ 180ಕ್ಕೆ ಇನ್ನೂ ಹತ್ತಿರ, ಅದಕ್ಕೇ ನಿಮಗೆ ಉಲ್ಟಾ ಫಲ ಸಿಗುತ್ತಿರುವುದು.

ನಡುವೆ ಒಂದು ಚೌಕ, ಸುತ್ತ ನಾಲ್ಕು ಬ್ಲಾಕ್, ಒಟ್ಟು ಐದು ಮಾಡಿ. ನಡುವಿನ ಚೌಕದ ಮೂಲೆಗಳನ್ನು ಕೇಂದ್ರದಿಂದ 125 ಮಿ.ಮೀ. ದೂರದಲ್ಲಿಡಿ, ಅಂದರೆ x ಮತ್ತು y ±88.4. ಹೊರಗಿನ ಬಿಂದುಗಳು ±176.8. ಚೌಕದ ಬದಿ ನೇರವಾಗಿದ್ದರೆ ಅದರ ಮೂಲೆಯಲ್ಲಿ ಒಂದು ಕೋನ 90, ಉಳಿದೆರಡು 135. ಬದಿಯನ್ನೂ ಆರ್ಕ್ ಮಾಡಿ (0 100 0) ಬಿಂದುವಿನ ಮೂಲಕ ಹಾಯಿಸಿ, ಉಳಿದ ಮೂರು ಬದಿಗೂ ಹಾಗೆಯೇ. ಆಗ ಮೂರೂ ಕೋನ ಹೆಚ್ಚುಕಡಿಮೆ 120 ಆಗುತ್ತವೆ. ಅದಕ್ಕಿಂತ ಚೆನ್ನಾಗಿ ಹಂಚಲು ಬರುವುದಿಲ್ಲ. ಮೇಲಿನ ಮುಖಕ್ಕೂ ಇವೇ ಆರ್ಕ್‌ಗಳು ಬೇಕು, z ಮಾತ್ರ 10. ಕೆಳಗಿನ ಸಾಲನ್ನು ಕಾಪಿ ಮಾಡಿ z ಬದಲಿಸಲು ಮರೆತರೆ ಅಂಚು ಕೆಳಕ್ಕೆ ಬಾಗಿ ಸೆಲ್‌ಗಳು ತಿರುಚಿಕೊಳ್ಳುತ್ತವೆ.

ಬಿಂದುಗಳ ಎಣಿಕೆ 0ಯಿಂದ ಶುರು. ಕೆಳಗೆ ಒಳಗಿನವು 0–3, ಹೊರಗಿನವು 4–7. ಮೇಲೆ 8–11, 12–15. ಎಡ-ಕೆಳ ಮೂಲೆಯಿಂದ ಅಪ್ರದಕ್ಷಿಣವಾಗಿ ಎಣಿಸಿದ್ದರೆ ಬಲಬದಿಯ ಬ್ಲಾಕ್ (1 5 6 2 9 13 14 10), ವಿಭಜನೆ, ಅಂದರೆ ಮೂರು ದಿಕ್ಕಿನ ಸೆಲ್ ಎಣಿಕೆ, (15 20 5). ನಡುವಿನದು (20 20 5). ಒಟ್ಟು 8000 ಸೆಲ್. ಮೇಲಿಂದ ನೋಡಿದಾಗ ಮೊದಲ ನಾಲ್ಕು ಬಿಂದು ಅಪ್ರದಕ್ಷಿಣವಾಗಿಯೇ ಸುತ್ತಬೇಕು, ಇಲ್ಲದಿದ್ದರೆ ಬ್ಲಾಕ್ ಒಳಹೊರಗಾಗಿ, ಮುಖಗಳು ಒಳಕ್ಕೆ ತಿರುಗಿವೆ ಎಂಬ ಸಂದೇಶ ಬರುತ್ತದೆ. ಅಕ್ಕಪಕ್ಕದ ಬ್ಲಾಕ್‌ಗಳ ಹೊಂದುವ ಬದಿಗೆ ಒಂದೇ ಎಣಿಕೆ ಇರಲಿ: ಒಂದು ಕಡೆ 20, ಇನ್ನೊಂದು ಕಡೆ 18 ಕೊಟ್ಟರೆ ಬ್ಲಾಕ್‌ಮೆಶ್ ಅಲ್ಲೇ ನಿಲ್ಲುತ್ತದೆ.

ಶಾಖದ ಲೆಕ್ಕಕ್ಕೆ ನಿಜವಾಗಿ ಅಪಾಯದ ತಪ್ಪು ಬೇರೆಯೇ ಇದೆ. ಒಂದೇ ಜಾಗದ ಬಿಂದುವನ್ನು ಎರಡು ನಂಬರಿನಲ್ಲಿ ಬರೆದರೆ ಬ್ಲಾಕ್‌ಗಳು ಕಣ್ಣಿಗೆ ಅಂಟಿದಂತೆ ಕಂಡರೂ ಅಂಟಿರುವುದಿಲ್ಲ. ಅಂಟದೆ ಉಳಿದ ಆ ಮುಖಗಳೆಲ್ಲ, ನಾವು ಹೆಸರಿಡದ ಮುಖಗಳು ಸೇರುವ ಡೀಫಾಲ್ಟ್‌ಫೇಸಸ್ ಪ್ಯಾಚ್‌ಗೆ (ಪ್ಯಾಚ್ ಅಂದರೆ ಹೊರಮೈಯ ಹೆಸರಿಟ್ಟ ಭಾಗ) ಹೋಗುತ್ತವೆ. ಎರರ್ ಬಾಯಿ ಮುಚ್ಚಿಸಲು ಅದಕ್ಕೆ ಝೀರೋಗ್ರೇಡಿಯಂಟ್ (ಆ ಮುಖದ ಮೂಲಕ ಶಾಖ ಹರಿಯದು ಎಂಬ ಷರತ್ತು) ಕೊಡುವವರಿದ್ದಾರೆ. ಕೊಟ್ಟರೆ ನಡುವೆ ಶಾಖ ದಾಟದ ಗೋಡೆ ಎದ್ದಂತೆ. ಸಿಮ್ಯುಲೇಶನ್ ಸಲೀಸಾಗಿ ಓಡುತ್ತದೆ, ಉತ್ತರ ಸುಳ್ಳು. ಮೆಶ್ ಆದ ಕೂಡಲೇ ಬೌಂಡರಿ ಫೈಲ್ ತೆರೆದು ಆ ಪ್ಯಾಚ್ ಇಲ್ಲ, ಅಥವಾ ಅದರಲ್ಲಿ ಮುಖ 0 ಎಂದು ಖಾತ್ರಿ ಮಾಡಿಕೊಳ್ಳಿ.

ಚೆಕ್‌ಮೆಶ್‌ನಲ್ಲಿ ನಾನ್-ಆರ್ಥೊಗೊನಾಲಿಟಿ (ಅಕ್ಕಪಕ್ಕದ ಸೆಲ್ ಕೇಂದ್ರಗಳನ್ನು ಸೇರಿಸುವ ಗೆರೆ ನಡುವಿನ ಮುಖದ ಲಂಬದಿಂದ ಎಷ್ಟು ಓರೆ ಎಂಬ ಕೋನ) 70 ಡಿಗ್ರಿ ದಾಟಬಾರದು, ಸ್ಕ್ಯೂನೆಸ್ (ಆ ಗೆರೆ ಮುಖದ ನಡುವಿನಿಂದ ಸರಿದ ಪ್ರಮಾಣ) 4ರ ಒಳಗಿರಲಿ.

ದಪ್ಪಕ್ಕೆ 5 ಪದರ ಧಾರಾಳ. ಎರಕದ ಕಬ್ಬಿಣದ ಶಾಖ ವಿಸರಣಾಂಕ (ಶಾಖ ಎಷ್ಟು ಬೇಗ ಹರಡುತ್ತದೆ ಎಂಬ ಅಳತೆ) ಸುಮಾರು 1.4×10⁻⁵ ಚ.ಮೀ./ಸೆಕೆಂಡ್. 10 ಮಿ.ಮೀ. ದಾಟಲು ಏಳೆಂಟು ಸೆಕೆಂಡ್ ಸಾಕು, ಕೇಂದ್ರದಿಂದ ಅಂಚಿಗೆ ಗಂಟೆ ಮೀರುತ್ತದೆ. ಹಾಗಾಗಿ ಸೆಲ್ ಖರ್ಚು ಮಾಡಬೇಕಾದ್ದು ತ್ರಿಜ್ಯದ ಕಡೆಗೆ, ಅದರಲ್ಲೂ ಉರಿ ಮುಗಿಯುವ ಜಾಗದಲ್ಲಿ. ಉರಿ 160 ಮಿ.ಮೀ. ತ್ರಿಜ್ಯದವರೆಗೆ ಅಂದುಕೊಂಡರೆ ಅಲ್ಲೊಂದು ಆರ್ಕ್ ಎಳೆದು ಇನ್ನೊಂದು ಸುತ್ತು ಬ್ಲಾಕ್ ಹಾಕಿ. ಬ್ಲಾಕ್ ಒಂಬತ್ತು, ಬಿಂದು 24 ಆಗುತ್ತವೆ, ಉರಿ ತಾಗುವ ಭಾಗಕ್ಕೆ ಬೇರೆ ಪ್ಯಾಚ್ ಹೆಸರಿಡಲೂ ಅನುಕೂಲ.

ಇಷ್ಟೆಲ್ಲ ಸರಿ ಇದ್ದೂ ಹಂಚು ಬಿಸಿಯಾಗುತ್ತಲೇ ಇಲ್ಲ ಅನಿಸಿದರೆ ಮಿ.ಮೀ.ಯನ್ನು ಮೀಟರಿಗೆ ತರುವ ಸ್ಕೇಲ್ 0.001 ಹಾಕಿದ್ದೀರಾ ನೋಡಿ. ಚೆಕ್‌ಮೆಶ್ ತೋರಿಸುವ ಬೌಂಡಿಂಗ್ ಬಾಕ್ಸ್ (ಇಡೀ ಮೆಶ್ ಹಿಡಿಸುವ ಪೆಟ್ಟಿಗೆಯ ಅಳತೆ, ಮೀಟರಿನಲ್ಲಿ) −250ರಿಂದ 250 ಇದ್ದರೆ ನಿಮ್ಮ ಹಂಚು ಅರ್ಧ ಕಿಲೋಮೀಟರ್ ಅಗಲ, ಕಾಯಲು ಹತ್ತು ಲಕ್ಷ ಪಟ್ಟು ಹೊತ್ತು ಬೇಕು.