ಮಟ್ಟಗಳು ಇಷ್ಟೊಂದು ಹರಡಿದ್ದರೂ ಎಂಟ್ರೊಪಿ ಯಾಕೆ ಕಡಿಮೆ?

ಪ್ರಶ್ನೆ: ಸರ್, ಕೆಆರ್‌ಎಸ್ ನೀರಿನ ಮಟ್ಟವನ್ನು ನಾಲ್ಕು ಗುಂಪು ಮಾಡಿ ಎಂಟ್ರೊಪಿ (ಊಹಿಸುವುದು ಎಷ್ಟು ಕಷ್ಟ ಎಂಬುದರ ಅಳತೆ, ಬಿಟ್ ಅದರ ಮಾನ) ತೆಗೆದಿದ್ದೀವಿ. ವೇರಿಯನ್ಸ್ (ಹರಡುವಿಕೆಯ ಅಳತೆ) ತುಂಬಾ ಜಾಸ್ತಿ ಇದೆ, ಎಂಟ್ರೊಪಿ ಮಾತ್ರ 1.75 ಬಿಟ್ ಬರ್ತಿದೆ. ಲೆಕ್ಕ ತಪ್ಪಾ?

ಉತ್ತರ: ಮೈಸೂರು, ಮಂಡ್ಯದ ಎಂಜಿನಿಯರಿಂಗ್ ಮಕ್ಕಳು ಪ್ರತಿ ಸೆಮಿಸ್ಟರ್ ಇದನ್ನೇ ಕೇಳುತ್ತೀರಿ. ಮತ್ತೆ ಹೇಳುತ್ತೇನೆ, ಲೆಕ್ಕ ಸರಿಯಾಗಿದೆ.

ಸೂತ್ರ 1948ರಲ್ಲಿ ಕ್ಲಾಡ್ ಶಾನನ್ ಕೊಟ್ಟದ್ದು. ಪ್ರತಿ ಗುಂಪಿನ ಪ್ರಾಬಬಿಲಿಟಿಗೆ ಬೇಸ್ 2ರ ಲಾಗ್ ತೆಗೆದು ಮೈನಸ್ ಹಾಕಿ. ಅದು ಆ ಗುಂಪಿನ ಮಾಹಿತಿ. ಅದನ್ನು ಪ್ರಾಬಬಿಲಿಟಿಯಿಂದ ಗುಣಿಸಿ, ಎಲ್ಲ ಕೂಡಿಸಿ. ನಿಮ್ಮ ಪ್ರಾಬಬಿಲಿಟಿಗಳು 1/2, 1/4, 1/8, 1/8 ಅಂದುಕೊಳ್ಳಿ. ಮಾಹಿತಿ 1, 2, 3, 3 ಬಿಟ್. ಪ್ರಾಬಬಿಲಿಟಿಯಿಂದ ಗುಣಿಸಿ ಕೂಡಿಸಿದರೆ 1.75.

ಈಗ ಆ ಹಟಮಾರಿ ನಂಬಿಕೆಗೆ ಬರೋಣ: "ಹರಡಿದಷ್ಟೂ ಎಂಟ್ರೊಪಿ ಜಾಸ್ತಿ." ಮೇಲಿನ ಲೆಕ್ಕದಲ್ಲಿ ಅಡಿ ಎಲ್ಲಾದರೂ ಬಂತಾ? ಇಲ್ಲ ಅಲ್ವಾ! ಕೆಆರ್‌ಎಸ್ ಪೂರ್ಣ ಮಟ್ಟ 124.80 ಅಡಿ. ಮೀಟರಿನಲ್ಲಿ ಅದು 38.04. ಡೇಟಾ ಪೂರ್ತಿ ಮೀಟರಿಗೆ ಬದಲಿಸಿದರೆ ವೇರಿಯನ್ಸ್ ಹತ್ತು ಪಟ್ಟಿಗಿಂತ ಜಾಸ್ತಿ ಕುಗ್ಗುತ್ತದೆ. ಎಂಟ್ರೊಪಿ ಒಂದು ಚೂರೂ ಅಲುಗುವುದಿಲ್ಲ.

ಇನ್ನೂ ನಂಬಿಕೆ ಬರಲಿಲ್ಲವಾ? ಒಂದು ವೇರಿಯಬಲ್ 0 ಅಥವಾ 1000, ಎರಡಕ್ಕೂ ಸಮ ಅವಕಾಶ. ವೇರಿಯನ್ಸ್ 2,50,000, ಎಂಟ್ರೊಪಿ ಬರೀ 1 ಬಿಟ್. ಇನ್ನೊಂದು 1ರಿಂದ 8ರವರೆಗಿನ ಯಾವುದಾದರೂ ಸಂಖ್ಯೆ, ಎಂಟಕ್ಕೂ ಸಮ ಅವಕಾಶ. ವೇರಿಯನ್ಸ್ 5.25, ಎಂಟ್ರೊಪಿ 3 ಬಿಟ್. ಪೆನ್ನು ಹಿಡಿದು ನೀವೇ ಮಾಡಿ ನೋಡಿ. ಎಷ್ಟು ದೂರ ಹರಡಿದೆ ಎಂಬುದನ್ನು ವೇರಿಯನ್ಸ್ ಅಳೆಯುತ್ತದೆ. ಯಾವುದು ಬರುತ್ತದೋ ಊಹಿಸುವುದು ಎಷ್ಟು ಕಷ್ಟ ಎಂಬುದನ್ನು ಎಂಟ್ರೊಪಿ ಅಳೆಯುತ್ತದೆ. ಇದೊಂದು ತಲೆಗೆ ಹತ್ತಿದ ಮಕ್ಕಳು ಮುಂದಿನದೆಲ್ಲ ತಾವೇ ಬಿಡಿಸುತ್ತಾರೆ, ನನಗೆ ಅದೇ ಖುಷಿ.

ಹಾಗಾದರೆ ಈ ನಂಬಿಕೆ ಹುಟ್ಟಿದ್ದು ಎಲ್ಲಿಂದ? ನೀವು ಕೇಳಲಿಲ್ಲ, ಆದರೂ ಹೇಳಬೇಕು. ಗುಂಪು ಮಾಡದೆ ಮಟ್ಟವನ್ನು ನಿರಂತರ ಅಂತ ತಗೊಂಡರೆ ಡಿಫರೆನ್ಷಿಯಲ್ ಎಂಟ್ರೊಪಿ ಬರುತ್ತದೆ. ಅಲ್ಲಿ ಅಡಿಯೋ ಮೀಟರೋ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಅಡಿಯಿಂದ ಮೀಟರಿಗೆ ಹೋದರೆ ಸುಮಾರು 1.71 ಬಿಟ್ ಇಳಿಯುತ್ತದೆ. ಸೊನ್ನೆಗಿಂತ ಕೆಳಗೂ ಹೋಗಬಹುದು. ಡೇಟಾ ಗಾಸಿಯನ್ (ಗಂಟೆಯಾಕಾರದ ಹಂಚಿಕೆ) ಆಗಿದ್ದರೆ ವೇರಿಯನ್ಸ್ ಎರಡು ಪಟ್ಟಾದಾಗ ಸರಿಯಾಗಿ ಅರ್ಧ ಬಿಟ್ ಏರುತ್ತದೆ. ಈ ಗಾಸಿಯನ್ ಪಾಠವನ್ನೇ ಎಲ್ಲ ಕಡೆ ಹಚ್ಚುವುದರಿಂದ ಗೊಂದಲ.

ನಿಮ್ಮದು ಗುಂಪು ಮಾಡಿದ ಡೇಟಾ, ಮೊದಲ ಸೂತ್ರವೇ ಸಾಕು. ಆದರೆ ಪ್ರತಿ ಗುಂಪು ಎಷ್ಟು ಅಡಿ ಅಂತ ರಿಪೋರ್ಟಿನಲ್ಲಿ ತಪ್ಪದೆ ಬರೆಯಿರಿ. ಅದೇ ಗುಂಪುಗಳನ್ನು ಮತ್ತೆ ಒಡೆದರೆ ಎಂಟ್ರೊಪಿ ಏರಬಹುದು, ಇಳಿಯುವುದಂತೂ ಇಲ್ಲ.